ಪಾಸಾದ ಮಕ್ಕಳು ಎಲ್ಲಿಗೆ ಹೋದರು? ಕಲಬುರಗಿ, ಯಾದಗಿರಿ, ಬೀದರ್‌ ಪ್ರೌಢಶಾಲೆಗಳು ಬರೆದಿಡದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಕಲಬುರಗಿ ವಿಭಾಗದ ಪತ್ರಿಕೆಗಳಲ್ಲಿ ಕಾಣುವ ತಲೆಬರಹ ಹಲವು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. 2024ರಲ್ಲಿ ಶೇ. 50.59 ಫಲಿತಾಂಶದೊಂದಿಗೆ ಯಾದಗಿರಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಶೇ. 42.43ಕ್ಕೆ ಕುಸಿದು ಆ ಸ್ಥಾನಕ್ಕೆ ಬಂತು, ಯಾದಗಿರಿ ಶೇ. 51.6ರಲ್ಲೂ ಬೀದರ್‌ ಶೇ. 53.25ರಲ್ಲೂ ನಿಂತವು. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ. 91.12 ಇತ್ತು. ಆ ವರ್ಷದ ದ್ವಿತೀಯ ಪಿಯುಸಿಯಲ್ಲಿಯೂ ಉಡುಪಿ ಶೇ. 93.90 ಪಡೆದು ಮೊದಲಿದ್ದರೆ ಯಾದಗಿರಿ ಶೇ. 48.45ರೊಂದಿಗೆ ಕೊನೆಯಲ್ಲಿತ್ತು. ಅಂಕಿಅಂಶ ಹೊರಬಿದ್ದ ಬಳಿಕ ಏನೇನು ನಡೆಯುತ್ತದೆ ಎಂಬುದೂ ಎಲ್ಲರಿಗೆ ಗೊತ್ತಿರುವುದೇ: ಪ್ರಗತಿ ಪರಿಶೀಲನಾ ಸಭೆ, ಮುಖ್ಯಶಿಕ್ಷಕರಿಗೆ ನೋಟಿಸು, ಬರುವ ವರ್ಷಕ್ಕೆ ವಿಶೇಷ ತರಗತಿಗಳ ವೇಳಾಪಟ್ಟಿ.

ಈ ಎಲ್ಲ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದು ಉಳಿಯುತ್ತದೆ. ಪಾಸಾದ ಮಕ್ಕಳು ಎಲ್ಲಿಗೆ ಹೋದರು? ಶೇಕಡಾವಾರು ಫಲಿತಾಂಶವು ಪರೀಕ್ಷೆ ಬರೆದವರಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನಷ್ಟೇ ಹೇಳುತ್ತದೆ. ಪಾಸಾದವರಲ್ಲಿ ಎಷ್ಟು ಮಕ್ಕಳು ಪಿಯು ಕಾಲೇಜಿಗೆ, ಪಾಲಿಟೆಕ್ನಿಕ್‌ಗೆ, ಐಟಿಐಗೆ ಸೇರಿದರು, ಎಷ್ಟು ಮಕ್ಕಳು ತಂದೆಯ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು, ಎಷ್ಟು ಹುಡುಗಿಯರ ಮದುವೆ ನಿಶ್ಚಯವಾಯಿತು ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಯಾವ ಪ್ರೌಢಶಾಲೆಯ ಗೋಡೆಯ ಮೇಲೂ ಬರೆದಿರುವುದಿಲ್ಲ. ವರ್ಗಾವಣೆ ಪತ್ರ ಕೊಟ್ಟ ದಿನಕ್ಕೆ ಶಾಲೆಯ ಜವಾಬ್ದಾರಿ ಮುಗಿಯುತ್ತದೆ, ಪ್ರವೇಶ ಪಡೆದ ದಿನದಿಂದ ಕಾಲೇಜಿನ ಜವಾಬ್ದಾರಿ ಶುರುವಾಗುತ್ತದೆ. ನಡುವಿನ ಆ ಕೆಲವು ವಾರಗಳಲ್ಲಿ ಮಗು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಕಲ್ಯಾಣ ಕರ್ನಾಟಕದ ಉನ್ನತ ಶಿಕ್ಷಣದ ಸಮಸ್ಯೆಯ ದೊಡ್ಡ ಭಾಗ ಅಡಗಿರುವುದು ಈ ವಾರಗಳಲ್ಲಿಯೇ ಮತ್ತು ಅವುಗಳಿಗೆ ಮಗುವನ್ನೂ ಮನೆಯವರನ್ನೂ ಸಜ್ಜುಗೊಳಿಸದೆ ಕಳೆದುಹೋಗುವ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಎಂದು ನನಗೆ ತೋರುತ್ತದೆ.

ಸೀಟುಗಳ ಕೊರತೆಯೇ ಮುಖ್ಯ ಸಮಸ್ಯೆ ಎಂದು ಹೇಳುವ ಕಾಲ ಹೋಯಿತು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಬಂತು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾಯಿತು. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿಯೂ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿಯೂ ಕೃಷಿ ಕಾಲೇಜುಗಳಿವೆ, ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇವೆಲ್ಲಕ್ಕೂ ಮಿಗಿಲಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಇದೆ. ಅದರಡಿ ಹೊರಡಿಸಿದ 2013ರ ಆದೇಶದ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ, ಕೃಷಿ ಕುಟುಂಬದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಅವಳಿಗೆ 371(ಜೆ) ಮೀಸಲಾತಿ ಸಿಗುತ್ತದೆ, ಗ್ರಾಮೀಣ ವಿದ್ಯಾರ್ಥಿಗಳ ಶೇ. 15ರ ಕೋಟಾ ಸಿಗುತ್ತದೆ, ಕನ್ನಡ ಮಾಧ್ಯಮದವರ ಶೇ. 5ರ ಕೋಟಾ ಸಿಗುತ್ತದೆ, ಜಾತಿ ಪ್ರವರ್ಗದ ಮೀಸಲಾತಿ ಬೇರೆ, ಕೃಷಿ ಕಾಲೇಜಿಗಾದರೆ ಕೃಷಿಕರ ಮಕ್ಕಳ ಕೋಟಾ ಮತ್ತೂ ಬೇರೆ. ಕಾಗದದ ಮೇಲೆ ಇಷ್ಟೊಂದು ಬಾಗಿಲುಗಳು ಒಟ್ಟಿಗೆ ತೆರೆದಿರುವ ವಿದ್ಯಾರ್ಥಿ ರಾಜ್ಯದಲ್ಲಿ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಈ ಮಾತನ್ನು ಅವಳ ಮನೆಯಲ್ಲಿ ಒಮ್ಮೆಯಾದರೂ ಯಾರಾದರೂ ಕೂತು ಬಿಡಿಸಿ ಹೇಳಿರುತ್ತಾರೆಯೇ? ನಾರಾಯಣಪುರ ಜಲಾಶಯ ತುಂಬಿ ತುಳುಕಿದ ವರ್ಷವೂ ಎಡದಂಡೆ ಕಾಲುವೆಯ ಕೊನೆಯಂಚಿನ ಹೊಲ ಒಣಗುವುದು ಹೇಗೆಂದು ಆ ಹುಡುಗಿಯ ತಂದೆಗೆ ಚೆನ್ನಾಗಿ ಗೊತ್ತು. ಸೀಟುಗಳ ವಿಷಯದಲ್ಲಿಯೂ ತಾನು ಕೊನೆಯಂಚಿನಲ್ಲಿದ್ದೇನೆ ಎಂಬುದು ಮಾತ್ರ ಗೊತ್ತಿಲ್ಲ.

ಮೇ ತಿಂಗಳಲ್ಲಿ ಆಗುವುದೇನು

ಫಲಿತಾಂಶದಿಂದ ಕಾಲೇಜು ಪ್ರವೇಶದವರೆಗಿನ ಅವಧಿ ಈ ಮೂರು ಜಿಲ್ಲೆಗಳಲ್ಲಿ ಎಷ್ಟು ಕೆಟ್ಟ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ರಾಜ್ಯದ ಉಳಿದ ಭಾಗದವರಿಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. 2024ರಲ್ಲಿ ಫಲಿತಾಂಶ ಬಂದದ್ದು ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ಪಿಯು ತರಗತಿಗಳು ಜೂನ್‌ ಮೊದಲ ವಾರ ಆರಂಭವಾಗುತ್ತವೆ. ಈ ನಡುವೆ ಮಗುವಿಗೆ ಬೇಕಾದ ಕಾಗದಗಳು ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, 371(ಜೆ) ಪ್ರಮಾಣ ಪತ್ರ, ಆಧಾರ್‌ ಜೋಡಣೆಯಾದ ಬ್ಯಾಂಕ್‌ ಖಾತೆ. ಬಿಸಿಲಿನ ಕಾರಣಕ್ಕೆ ಏಪ್ರಿಲ್‌ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವ ಪದ್ಧತಿಯಿದೆ. ಹಳ್ಳಿಯಿಂದ ಬರುವ ಮೊದಲ ಬಸ್ಸು ಹೋಬಳಿ ಕೇಂದ್ರ ತಲುಪಿ, ನಾಡಕಚೇರಿಯ ಮುಂದಿನ ಸಾಲು ಕರಗುವ ಹೊತ್ತಿಗೆ ಬಾಗಿಲು ಹಾಕುವ ಸಮಯ ಬಂದಿರುತ್ತದೆ. 371(ಜೆ) ಪ್ರಮಾಣ ಪತ್ರಕ್ಕೆ ಸಹಿ ಹಾಕುವವರು ಸಹಾಯಕ ಆಯುಕ್ತರು. ಯಾದಗಿರಿ ಜಿಲ್ಲೆಗೆಲ್ಲ ಕಂದಾಯ ಉಪವಿಭಾಗ ಒಂದೇ ಆಗಿರುವುದರಿಂದ ಹುಣಸಗಿ ಕಡೆಯವರ ಅರ್ಜಿಯೂ ಯಾದಗಿರಿಯ ಕಚೇರಿಯಿಂದಲೇ ಇತ್ಯರ್ಥವಾಗಬೇಕು.

ಅದೇ ತಿಂಗಳು ಮದುವೆಯ ಹಂಗಾಮು. ಬಸವ ಜಯಂತಿ, ಅಕ್ಷಯ ತೃತೀಯದ ಆಸುಪಾಸಿನಲ್ಲಿ ಊರೂರಿನಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ, ಗುಳೆ ಹೋದವರು ಜಾತ್ರೆಗೂ ಮದುವೆಗೂ ಊರಿಗೆ ಬಂದಿರುತ್ತಾರೆ, ನೆಂಟರೆಲ್ಲ ಸೇರಿದ ಮನೆಯಲ್ಲಿ ಹದಿನಾರರ ಹುಡುಗಿಯ ಮುಂದಿನ ವಿಚಾರ ತಾನಾಗಿ ಎದ್ದು ಬರುತ್ತದೆ. ಸೋದರಮಾವ ಒಂದು ಸಂಬಂಧ ತಂದಿರುತ್ತಾನೆ, ಕಾಲೇಜಿನ ಅರ್ಜಿ ಮಾತ್ರ ಯಾರೂ ತಂದಿರುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 2007ರಿಂದ ಜಾರಿಯಲ್ಲಿದ್ದು, ರಾಜ್ಯವು 2016ರ ತಿದ್ದುಪಡಿಯ ಮೂಲಕ ಅಂಥ ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಜನ 18 ತುಂಬುವ ಮೊದಲೇ ಮದುವೆಯಾದವರೆಂದು ಕಂಡುಬಂತು. ಎಸ್ಸೆಸ್ಸೆಲ್ಸಿ ಮುಗಿಯುವಾಗ ಹುಡುಗಿಗೆ ಹದಿನಾರು, ಪಿಯುಸಿ ಮುಗಿಯುವಾಗ ಹದಿನೆಂಟು. ಹಾಗಾಗಿ ಹುಡುಗಿ ಪಿಯುಸಿಗೆ ಸೇರಿದಳೋ ಇಲ್ಲವೋ ಎಂಬುದು ಶಿಕ್ಷಣ ಇಲಾಖೆಯ ಲೆಕ್ಕಕ್ಕಿಂತ ದೊಡ್ಡ ವಿಷಯ. ಮೇ ತಿಂಗಳಲ್ಲಿ ಕಾಲೇಜಿನ ರಸೀದಿ ಕೈಯಲ್ಲಿರುವ ಹುಡುಗಿ ಮನೆಯ ಆ ಮಾತುಕತೆಯಲ್ಲಿ ಹಿಡಿದುಕೊಳ್ಳಲು ಏನಾದರೊಂದು ಇರುವವಳು.

ಹುಡುಗರ ದಾರಿ ಬೇರೆ, ಫಲ ಹೆಚ್ಚುಕಡಿಮೆ ಅದೇ. ಫಲಿತಾಂಶಕ್ಕೆ ಕಾಯುವ ಹೊತ್ತಿನಲ್ಲಿ ಕೆಲಸಕ್ಕೆಂದು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋದ ಹುಡುಗ ದಿನಗೂಲಿಯ ರೊಕ್ಕ ಕಂಡ ಮೇಲೆ ಮರಳುವುದು ಕಷ್ಟ. ಮನೆಯಲ್ಲಿ ಸಂಘದ ಸಾಲದ ವಾರದ ಕಂತು ಇದ್ದರಂತೂ ಅವನನ್ನು ಮರಳಿ ಕರೆಯುವವರೂ ಇರುವುದಿಲ್ಲ.

ಪ್ರವೇಶ ಪಡೆದವರಿಗೂ ಇನ್ನೊಂದು ಇಕ್ಕಟ್ಟು ಕಾದಿರುತ್ತದೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್‌ ನಂತರದ ಹಾಸ್ಟೆಲುಗಳಿಗೆ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜಿಗೆ ಸೇರಿರಬೇಕು, ಆಯ್ಕೆ ಪಟ್ಟಿ ಬರುವುದು ಸಾಮಾನ್ಯವಾಗಿ ತರಗತಿಗಳು ಶುರುವಾಗಿ ಎಷ್ಟೋ ವಾರಗಳ ಬಳಿಕ. ಆ ವಾರಗಳಲ್ಲಿ ಚಿಂಚೋಳಿಯ ತಾಂಡಾದ ಹುಡುಗ ಕಲಬುರಗಿಯಲ್ಲಿ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು? ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್‌ ಪ್ರಯಾಣವಿದೆ, ಅದು ನಿಜಕ್ಕೂ ದೊಡ್ಡ ಅನುಕೂಲ, ಆದರೆ ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್‌ನಿಂದ ಏನೂ ಆಗದು. ಊರಿನವರು ಒಟ್ಟಾಗಿ ಬಸ್‌ ಡಿಪೊ ವ್ಯವಸ್ಥಾಪಕರಿಗೆ ಕೊಡುವ ಒಂದು ಮನವಿ ಎಷ್ಟೋ ಸಲ ಒಂದು ವಿದ್ಯಾರ್ಥಿವೇತನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಈ ಭಾಗದ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ.

ಮನೆಯವರಿಗೆ ಮನಸ್ಸಿಲ್ಲವೇ?

ಪಾಲಕರಿಗೆ ಆಸಕ್ತಿಯಿಲ್ಲ ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿಯ ಸಾಕ್ಷರತೆ ಶೇ. 51.83, ಮಹಿಳೆಯರದು ಶೇ. 41.38. ಆಗ ಇಪ್ಪತ್ತು, ಇಪ್ಪತ್ತೈದರ ಹರೆಯದಲ್ಲಿದ್ದ ಹೆಣ್ಣುಮಕ್ಕಳೇ ಇಂದು ಪ್ರೌಢಶಾಲೆಯ ಮಕ್ಕಳ ತಾಯಂದಿರು. ಸಭೆಗೆ ಕರೆದರೆ ಬಂದು ಹಿಂದಿನ ಸಾಲಿನಲ್ಲಿ ಕೂತು, "ನಮಗೇನ್‌ ತಿಳೀತದ್ರಿ ಸರ್‌, ನೀವ್‌ ಹ್ಯಾಂಗ್‌ ಹೇಳ್ತೀರಿ ಹಾಂಗ್" ಎಂದು ಎದ್ದುಹೋಗುವ ತಾಯಿಯ ಮಾತಿನಲ್ಲಿ ಶಿಕ್ಷಕರು ಉದಾಸೀನ ಕಾಣುತ್ತಾರೆ. ಅವಳು ಹೇಳಿರುವುದು ನಿರ್ಧಾರವನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ ಎಂದು. ಆ ನಂಬಿಕೆಯನ್ನು ಹೊತ್ತ ಶಾಲೆ ಮುಂದೆ ಏನನ್ನೂ ಹೇಳದಿದ್ದರೆ ನಿರ್ಧಾರ ಸೋದರಮಾವನ ಕೈಗೋ ಮೇಸ್ತ್ರಿಯ ಕೈಗೋ ಹೋಗುತ್ತದೆ.

ಇನ್ನು ಸಭೆ ಕರೆಯುವ ರೀತಿಯನ್ನೇ ನೋಡಿ. ಕಲಬುರಗಿ, ಯಾದಗಿರಿ ನಗರಗಳಿಂದ ದಿನಾ ಅಪ್‌-ಡೌನ್‌ ಮಾಡುವ ಶಿಕ್ಷಕರಿಗೆ ಅನುಕೂಲವಾಗುವಂತೆ ಪಾಲಕರ ಸಭೆ ಕೆಲಸದ ದಿನದ ಮಧ್ಯಾಹ್ನ ನಡೆಯುತ್ತದೆ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ದಿನಗಳಲ್ಲಿ ಒಂದು ಹೊತ್ತಿನ ಕೂಲಿ ಬಿಟ್ಟು ಬರುವುದೆಂದರೆ ಏನೆಂದು ಸಂಬಳದವರಿಗೆ ಹೇಳಿ ತಿಳಿಸುವುದು ಕಷ್ಟ. ಸಂತೆಯ ದಿನ ಕೂಲಿಯವರು ಕೆಲಸಕ್ಕೆ ಹೋಗುವುದಿಲ್ಲ. ಅಂದು ಸಂಜೆ ಕರೆದರೆ ಬರುತ್ತಾರೆ. ಎಳ್ಳ ಅಮಾವಾಸ್ಯೆಗೆ ಈ ಭಾಗದಲ್ಲಿ ದೂರದ ಊರಿಗೆ ದುಡಿಯಲು ಹೋದವರೂ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಮನೆಗೆ ಬರುತ್ತಾರೆ. ಪರೀಕ್ಷೆಗೆ ಇನ್ನೂ ಎರಡು ಮೂರು ತಿಂಗಳಿರುವಾಗ, ತಂದೆ, ತಾಯಿ, ಅಣ್ಣ, ಮುತ್ತ್ಯಾ ಎಲ್ಲರೂ ಒಟ್ಟಿಗೆ ಸಿಗುವ ಆ ಎರಡು ದಿನಗಳಿಗಿಂತ ಒಳ್ಳೆಯ ಹೊತ್ತು ಹತ್ತನೇ ತರಗತಿಯ ಮಗುವಿನ ಮನೆಗೆ ಭೇಟಿ ಕೊಡಲು ಇಲ್ಲ. ಇಲಾಖೆಯ ಕಾರ್ಯಸೂಚಿ ಬೆಂಗಳೂರಿನಲ್ಲಿ ತಯಾರಾಗುವುದರಿಂದ ಅದರಲ್ಲಿ ಎಳ್ಳ ಅಮಾವಾಸ್ಯೆ ಇರುವುದಿಲ್ಲ, ಆದರೆ ಕಲಬುರಗಿಯಲ್ಲೇ ಇಲಾಖೆಯ ಅಪರ ಆಯುಕ್ತರ ಕಚೇರಿಯಿದೆ. ಅಲ್ಲಿಂದ ಒಂದು ಸುತ್ತೋಲೆ ಹೊರಟರೆ ಸಾಕು.

ತಾಯಂದಿರನ್ನು ಶಾಲೆಗೆ ಕರೆಯುವ ಬದಲು ಅವರು ಈಗಾಗಲೇ ಸೇರುವ ಕಡೆಗೆ ಶಾಲೆಯೇ ಹೋಗುವುದು ಇನ್ನೂ ಸುಲಭ. ಸ್ತ್ರೀಶಕ್ತಿ ಗುಂಪುಗಳು ಮತ್ತು ಸಂಜೀವಿನಿ ಒಕ್ಕೂಟಗಳ ಸಭೆ ಊರಿನಲ್ಲಿ ನಿಯಮಿತವಾಗಿ ನಡೆಯುತ್ತದೆ, ಉಳಿತಾಯ, ಸಾಲ, ಕಂತಿನ ಲೆಕ್ಕವನ್ನು ಆ ಹೆಣ್ಣುಮಕ್ಕಳು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಒಂದು ವರ್ಷದ ಪಿಯುಸಿಗೆ ಎಷ್ಟು ಖರ್ಚು, ಅದರಲ್ಲಿ ಎಷ್ಟು ವಿದ್ಯಾರ್ಥಿವೇತನದಿಂದ ಬರುತ್ತದೆ, ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಮುಂದಿಟ್ಟರೆ ಉಳಿದ ಲೆಕ್ಕವನ್ನು ಅವರೇ ಮಾಡಿಕೊಳ್ಳುತ್ತಾರೆ. ಎಂಟನೇ ತರಗತಿಯಲ್ಲಿ ಬರೆಯುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್‌ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್‌ ವರ್ಷಕ್ಕೆ 30,000 ರೂಪಾಯಿ ನೀಡುವ ಯೋಜನೆ 2025ರಿಂದ ಕರ್ನಾಟಕದಲ್ಲಿಯೂ ಇದೆ. ಇವನ್ನು ಹನ್ನೆರಡನೇ ತರಗತಿ ಮುಗಿದ ಮೇಲೆ ತಿಳಿದುಕೊಂಡರೆ ಅದು ಸುದ್ದಿ ಮಾತ್ರ. ಎಂಟನೇ ತರಗತಿಯಲ್ಲೇ ತಿಳಿದ ತಾಯಿ ಮಗಳನ್ನು ಯಾವ ಶಾಲೆಯಲ್ಲಿ ಉಳಿಸಬೇಕು, ಯಾವ ಖಾತೆಗೆ ಆಧಾರ್‌ ಜೋಡಿಸಬೇಕು ಎಂಬ ನಿರ್ಧಾರವನ್ನು ಆ ತಿಳಿವಳಿಕೆಯ ಮೇಲೆ ಮಾಡುತ್ತಾಳೆ.

ಆದರೆ ತಿಳಿಸುವುದು ಒಂದೇ ಸಾಲದು ಎಂಬುದಕ್ಕೆ ಗಟ್ಟಿಯಾದ ಪುರಾವೆ ದೂರದಿಂದ ಬರುತ್ತದೆ. ಹೈಸ್ಕೂಲಿನಿಂದ ಕಾಲೇಜಿಗೆ ಹೋಗುವುದನ್ನು ಬಡ ಕುಟುಂಬಗಳಲ್ಲಿಯೂ ಸಹಜ ರೂಢಿಯಾಗಿಸುವ ಪ್ರಯತ್ನ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಒಕ್ಕೂಟ ಸರ್ಕಾರ 1998ರಲ್ಲಿ ಆರಂಭಿಸಿದ ಗೇರ್‌ ಅಪ್‌ ಕಾರ್ಯಕ್ರಮ ಮಕ್ಕಳ ಜೊತೆಗೂಡುವುದೇ ಏಳನೇ ತರಗತಿಯೊಳಗೆ, ಅಲ್ಲಿಂದ ಅದೇ ತಂಡದ ಬೆನ್ನಿಗೆ ಹೈಸ್ಕೂಲು ಮುಗಿಯುವವರೆಗೂ ನಿಲ್ಲುತ್ತದೆ. ಎರಿಕ್‌ ಬೆಟಿಂಜರ್‌ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾದದ್ದು. ಓಹಾಯೊ ಮತ್ತು ನಾರ್ತ್‌ ಕೆರೊಲಿನಾದಲ್ಲಿ ತೆರಿಗೆ ಲೆಕ್ಕ ಸಲ್ಲಿಸಲು ಬಂದ ಕಡಿಮೆ ಆದಾಯದ ಕುಟುಂಬಗಳಲ್ಲಿ ಕೆಲವರಿಗೆ ಕಾಲೇಜಿನ ಧನಸಹಾಯದ ಬಗ್ಗೆ ಮಾಹಿತಿಯನ್ನಷ್ಟೇ ಕೊಟ್ಟರು, ಇನ್ನು ಕೆಲವರಿಗೆ ಅಲ್ಲೇ ಕೂರಿಸಿ ಅರ್ಜಿಯನ್ನೂ ತುಂಬಿಸಿಕೊಟ್ಟರು. ಅರ್ಜಿ ತುಂಬಿಸಿಕೊಟ್ಟ ಮನೆಗಳ ಹೈಸ್ಕೂಲು ಮುಗಿಸುವ ಮಕ್ಕಳಲ್ಲಿ ಮುಂದೆ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ. 28ರಿಂದ 36ಕ್ಕೆ ಏರಿತು. ಮಾಹಿತಿ ಮಾತ್ರ ಪಡೆದ ಮನೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಲೇಜಿಗೆ ಹೋಗಲು ನಿರ್ಧರಿಸಿದ್ದ ಮಕ್ಕಳು ಬೇಸಿಗೆ ರಜೆಯಲ್ಲೇ ಕರಗಿಹೋಗುವ ವಿದ್ಯಮಾನವನ್ನೂ ಅಲ್ಲಿನ ಸಂಶೋಧಕರು ಅಳೆದಿದ್ದಾರೆ. ಅಲ್ಲಿನ ಶುಲ್ಕ, ಸಾಲ, ಸಮಾಜ ಎಲ್ಲವೂ ಬೇರೆಯಾಗಿದ್ದರೂ ಸರ್ಕಾರಿ ಅರ್ಜಿಯ ಮುಂದೆ ಬಡವನಿಗೆ ಆಗುವ ದಿಗಿಲು ಎಲ್ಲ ಕಡೆಯೂ ಒಂದೇ ಎಂದು ಕಾಣುತ್ತದೆ. ಕರಪತ್ರ ಹಂಚಿ, ಫಲಕ ಬರೆಸಿ, ಫೋಟೊ ತೆಗೆಸಿಕೊಳ್ಳುವ ನಮ್ಮ ಜಾಗೃತಿ ಕಾರ್ಯಕ್ರಮಗಳು ಈ ಅಧ್ಯಯನದ ಎದುರು ಸ್ವಲ್ಪ ನಾಚಿಕೊಳ್ಳಬೇಕು.

ಊರು ಏನು ಮಾಡಬಹುದು

ಶಿಕ್ಷಣಕ್ಕಾಗಿ ಊರು ಕೈಜೋಡಿಸುವುದು ಈ ನೆಲಕ್ಕೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಬೀದರ್‌ ಜಿಲ್ಲೆಯಲ್ಲಿ ಮನೆಮಾತು. 1958ರಲ್ಲಿ ಮಹಾದೇವಪ್ಪ ರಾಂಪೂರೆ ಅವರ ಮುಂದಾಳತ್ವದಲ್ಲಿ ಹೈದರಾಬಾದ್‌ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನ ದಾಸೋಹದ ಜೊತೆಗೆ ವಿದ್ಯಾಸಂಸ್ಥೆಗಳನ್ನು ಕಟ್ಟಿತು. ಆಗಿನ ಕೊರತೆ ಕಟ್ಟಡದ್ದು, ಮೇಷ್ಟರದ್ದು, ಭಾಷೆಯದ್ದು. ಸಮಾಜ ಅದಕ್ಕೆ ತಕ್ಕಂತೆ ಸ್ಪಂದಿಸಿತು. ಇಂದಿಗೂ ದಾನಿಗಳೆಂದರೆ ಕೊಠಡಿ ಕಟ್ಟಿಸಿ ಹೆಸರಿನ ಕಲ್ಲು ಹಾಕಿಸುವವರು ಎಂಬ ಭಾವನೆಯೇ ಉಳಿದಿದೆ. ಈಗಿನ ಕೊರತೆ ಜೊತೆಗೆ ಹೋಗುವವರದ್ದು. ನಾಡಕಚೇರಿಗೆ, ಬ್ಯಾಂಕಿಗೆ, ಕಾಲೇಜಿನ ಪ್ರವೇಶದ ಕಿಟಕಿಗೆ ಮಗುವಿನ ಜೊತೆ ಒಮ್ಮೆ ಹೋಗಿ ನಿಲ್ಲಬಲ್ಲವರದ್ದು. ಇಂಥ ಕೆಲಸಕ್ಕೆ ಕಲ್ಲಿನ ಮೇಲೆ ಹೆಸರು ಬರುವುದಿಲ್ಲ ಎಂಬುದೇ ಬಹುಶಃ ತೊಡಕು.

ಯಾರು ಹೋಗಬೇಕು ಎಂಬುದಕ್ಕೆ ಉತ್ತರ ಊರಿನಲ್ಲೇ ಇದೆ. ಅದೇ ಶಾಲೆಯಲ್ಲಿ ಓದಿ ಈಗ ಡಿಗ್ರಿ ಕಾಲೇಜಿನಲ್ಲಿರುವ ಒಬ್ಬ ಅಕ್ಕ, ಒಬ್ಬ ಅಣ್ಣ ಬಹುತೇಕ ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ. ಮೇ ತಿಂಗಳಲ್ಲಿ ಅವರಲ್ಲಿ ಹಲವರು ಮನೆಯಲ್ಲೇ ಇರುತ್ತಾರೆ. ವಿಶ್ವವಿದ್ಯಾಲಯಗಳ ಎನ್‌ಎಸ್‌ಎಸ್‌ ಘಟಕಗಳು ಹಳ್ಳಿಗಳಲ್ಲಿ ವಿಶೇಷ ಶಿಬಿರ ನಡೆಸುತ್ತವೆ, ಬೀದಿ ಗುಡಿಸಿ ಗಿಡ ನೆಟ್ಟು ಬರುತ್ತವೆ; ಒಂದು ಶಿಬಿರವನ್ನಾದರೂ ಮೇ ತಿಂಗಳಿಗೆ ಸರಿಸಿ ವಿದ್ಯಾರ್ಥಿವೇತನದ ಅರ್ಜಿ ತುಂಬುವುದಕ್ಕೆ ಮೀಸಲಿಟ್ಟರೆ ಊರಿನವರು ಅವರನ್ನು ಇನ್ನೂ ಹೆಚ್ಚು ದಿನ ನೆನೆಯುತ್ತಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಊರಿನ ಗ್ರಂಥಾಲಯಗಳಲ್ಲಿ, ಕಂಪ್ಯೂಟರ್‌ ಮತ್ತು ಇಂಟರ್ನೆಟ್‌ ಇರುವ ಕಡೆ ಅಲ್ಲೇ ಕೂತು ಈ ಕೆಲಸ ಮಾಡಬಹುದು, ಅರ್ಜಿಯೊಂದಕ್ಕೆ ಇಂತಿಷ್ಟು ಎಂದು ಸೈಬರ್‌ ಕೇಂದ್ರಕ್ಕೆ ಕೊಡುವ ಹಣವೂ ಉಳಿಯುತ್ತದೆ.

ಕಾಗದದ ಕೆಲಸದಲ್ಲಿ ಬಹುಪಾಲನ್ನು ಮೇ ತಿಂಗಳವರೆಗೆ ಬಿಡಬೇಕಾದ ಅಗತ್ಯವೇ ಇಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಜಾತಿ ಪ್ರಮಾಣ ಪತ್ರದಲ್ಲಿ ಮತ್ತೊಂದು ಇರುವ ಮಕ್ಕಳು ಈ ಭಾಗದಲ್ಲಿ ಬೇಕಾದಷ್ಟು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ತ್ರಾಸದ ಕೆಲಸ, ಎಂಟನೇ ತರಗತಿಗೆ ಸೇರುವಾಗ ಮೂರನ್ನೂ ಎದುರಿಗಿಟ್ಟು ನೋಡುವುದಕ್ಕೆ ಅರ್ಧ ಗಂಟೆ ಸಾಕು. ಗುಳೆ ಹೋಗುವ ಮನೆಯ ಮಕ್ಕಳಿಗಂತೂ ಇದು ಜೀವನದ ಪ್ರಶ್ನೆ. ಗ್ರಾಮೀಣ ಕೋಟಾಕ್ಕೂ ಕನ್ನಡ ಮಾಧ್ಯಮದ ಕೋಟಾಕ್ಕೂ ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದೆ ಎಂಬ ದಾಖಲೆ ಬೇಕು. ಎರಡು ವರ್ಷ ಮುಂಬೈಯಲ್ಲಿ, ಒಂದು ವರ್ಷ ಬೆಂಗಳೂರಿನ ಕಾಮಗಾರಿಯ ಬಳಿಯ ಯಾವುದೋ ಶಾಲೆಯಲ್ಲಿ ಕಳೆದ ಮಗುವಿಗೆ ಆ ಸರಪಳಿ ಎಲ್ಲೋ ತುಂಡಾಗಿರುತ್ತದೆ, ಮತ್ತು ಅದು ತುಂಡಾಗಿದೆ ಎಂಬುದು ಗೊತ್ತಾಗುವುದು ಹನ್ನೆರಡನೇ ತರಗತಿಯ ಬಳಿಕ ಸಿಇಟಿ ಅರ್ಜಿ ತುಂಬುವಾಗ. ವಲಸೆ ಕುಟುಂಬಗಳ ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳುವ ಋತುಮಾನ ವಸತಿ ಕೇಂದ್ರಗಳನ್ನು ನಾವು ಹಾಜರಾತಿಯ ದೃಷ್ಟಿಯಿಂದ ನೋಡುತ್ತೇವೆ. ಮಗುವಿನ ಮುಂದಿನ ಮೀಸಲಾತಿ ಹಕ್ಕು ಉಳಿಯುವುದೂ ಅದೇ ಹಾಜರಾತಿಯಿಂದ ಎಂಬುದನ್ನು ಪಾಲಕರಿಗೆ ಹೇಳಿದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗುವ ನಿರ್ಧಾರಕ್ಕೆ ಒಂದು ತೂಕ ಬರುತ್ತದೆ.

ಇಲ್ಲಿ ಶಾಲೆಯ ಒಳಗಿನ ಒಂದು ಮಾತನ್ನೂ ಹೇಳಲೇಬೇಕು. ಫಲಿತಾಂಶದ ಒತ್ತಡ ನಮ್ಮ ಪ್ರೌಢಶಾಲೆಗಳನ್ನು ಪಾಸು ಮಾಡಿಸುವ ಕೇಂದ್ರಗಳನ್ನಾಗಿ ಮಾಡಿದೆ. ಶಿಕ್ಷಕರು ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಾರೆ, ನಸುಕಿನಲ್ಲಿ ಫೋನ್‌ ಮಾಡಿ ಎಬ್ಬಿಸುತ್ತಾರೆ, ರಾತ್ರಿ ಗುಂಪು ಅಧ್ಯಯನಕ್ಕೆ ಕೂರಿಸುತ್ತಾರೆ, ಮನೆ ಮನೆಗೆ ಹೋಗಿ ಟಿವಿ ಬಂದ್‌ ಮಾಡಿಸುತ್ತಾರೆ. ಈ ಶ್ರಮವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಈ ಇಡೀ ವ್ಯವಸ್ಥೆ ಪರೀಕ್ಷೆಯ ಕೊನೆಯ ದಿನ ಮಧ್ಯಾಹ್ನ ಒಂದೇ ಸಲ ನಿಂತುಹೋಗುತ್ತದೆ. ನಪಾಸಿನ ಅಂಚಿನಲ್ಲಿರುವ ಮಗುವನ್ನು ಪಾಸಿನ ಅಂಕಕ್ಕೆ ಎತ್ತುವುದರಲ್ಲಿ ಶಕ್ತಿಯೆಲ್ಲ ವ್ಯಯವಾಗುವುದರಿಂದ 70 ತೆಗೆಯಬಲ್ಲ ಮಗುವಿಗೆ ನೀನು ವಿಜ್ಞಾನ ಓದಬಲ್ಲೆ ಎಂದು ಹೇಳುವವರಿರುವುದಿಲ್ಲ, ಕನ್ನಡ ಮಾಧ್ಯಮದಿಂದ ಇಂಗ್ಲಿಷ್‌ ಮಾಧ್ಯಮದ ವಿಜ್ಞಾನಕ್ಕೆ ಹಾರುವಾಗ ಎಲ್ಲಿ ಎಡವುತ್ತೀ ಎಂದು ಎಚ್ಚರಿಸುವವರೂ ಇರುವುದಿಲ್ಲ. ಪಿಯುಸಿಯಲ್ಲಿ ಯಾದಗಿರಿಯ ಅರ್ಧಕ್ಕೂ ಹೆಚ್ಚು ಮಕ್ಕಳು ನಪಾಸಾದದ್ದಕ್ಕೆ ಈ ಜಿಗಿತವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಕಾಲೇಜು ಎಂದರೆ ವಿಜ್ಞಾನ ಮಾತ್ರವಲ್ಲ, ಪಾಲಿಟೆಕ್ನಿಕ್‌ ಇದೆ, ಕಲಬುರಗಿ ಮತ್ತು ಹುಮನಾಬಾದಿನ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ) ಕೇಂದ್ರಗಳ ಡಿಪ್ಲೊಮಾ ಇದೆ ಎಂಬುದನ್ನು ಹತ್ತನೇ ತರಗತಿಯ ಮಗು ಒಮ್ಮೆ ಅಲ್ಲಿಗೆ ಹೋಗಿ ಕಣ್ಣಾರೆ ಕಾಣಬೇಕು. ವಿಜಯಪುರದ ಗೋಳಗುಮ್ಮಟಕ್ಕೆ ಶೈಕ್ಷಣಿಕ ಪ್ರವಾಸ ಹೋಗುವ ಬಸ್ಸು ಒಂದು ದಿನ ಕಡಗಂಚಿಗೋ ಭೀಮರಾಯನಗುಡಿಗೋ ಹೋಗಿಬರಬಹುದು.

ಇದಕ್ಕೆಲ್ಲ ಹಣವಿಲ್ಲ ಎಂಬ ಮಾತು ಈ ಭಾಗದಲ್ಲಿ ನಿಲ್ಲುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಕ್ಷರ ಆವಿಷ್ಕಾರದ ಹೆಸರಿನಲ್ಲಿ ಶಿಕ್ಷಣಕ್ಕೆ ಪ್ರತ್ಯೇಕವಾಗಿ ಅನುದಾನ ಕೊಡುತ್ತಿದೆ, ಅದರ ದೊಡ್ಡ ಪಾಲು ಕಟ್ಟಡ, ಸಲಕರಣೆ, ಅತಿಥಿ ಶಿಕ್ಷಕರಿಗೆ ಹೋಗುವುದು ಸಹಜವೂ ಹೌದು. ಮೇಲೆ ಹೇಳಿದ ಕೆಲಸಗಳಿಗೆ ಬೇಕಾಗುವುದು ಪ್ರತಿ ಪ್ರೌಢಶಾಲೆಯಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಈ ಮಕ್ಕಳ ಹಿಂದೆ ಬೀಳುವ ಒಬ್ಬರಿಗೆ ಗೌರವಧನ ಮತ್ತು ಓಡಾಟದ ಖರ್ಚು. ರಜೆಯಲ್ಲಿರುವ ಶಿಕ್ಷಕರ ಮೇಲೆ ಇದನ್ನು ಹೇರಿದರೆ ಅದು ಇನ್ನೊಂದು ನಮೂನೆ ತುಂಬುವ ಕೆಲಸವಾಗಿ ಸಾಯುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಕೈಗೆ ಕೊಟ್ಟು, ಊರಿನ ಓದಿದ ಒಬ್ಬ ಹೆಣ್ಣುಮಗಳನ್ನು ನೇಮಿಸಿಕೊಂಡರೆ ಬದುಕುವ ಸಾಧ್ಯತೆ ಹೆಚ್ಚು. ಎಸ್‌ಡಿಎಂಸಿಗಳು ಎಷ್ಟೋ ಕಡೆ ಊರಿನ ರಾಜಕಾರಣದ ಕಿರಿಯ ಆವೃತ್ತಿಗಳಾಗಿವೆ ಎಂಬ ಆಕ್ಷೇಪ ಸುಳ್ಳಲ್ಲ, ಹಾಗಾಗಿ ಆ ನೇಮಕಕ್ಕೆ ಮುಖ್ಯಶಿಕ್ಷಕರ ಒಪ್ಪಿಗೆ ಕಡ್ಡಾಯ ಮಾಡಬೇಕಾಗುತ್ತದೆ.

ಮತ್ತು ಲೆಕ್ಕ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಎರಡರ ಪರೀಕ್ಷೆಯನ್ನೂ ಈಗ ಒಂದೇ ಮಂಡಳಿ ನಡೆಸುತ್ತದೆ, ಪ್ರತಿ ಮಗುವಿಗೂ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್‌ ವ್ಯವಸ್ಥೆಯ ಸಂಖ್ಯೆಯಿದೆ, ಪಿಯು ಪ್ರವೇಶವೂ ಅದೇ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಕಳೆದ ವರ್ಷ ಇಂಥ ಶಾಲೆಯಿಂದ ಪಾಸಾದವರಲ್ಲಿ ಇಷ್ಟು ಜನ ಪಿಯುಗೆ ಸೇರಿದ್ದಾರೆ, ಇಷ್ಟು ಜನರ ಸುಳಿವಿಲ್ಲ ಎಂಬ ಪಟ್ಟಿಯನ್ನು ಶಾಲಾವಾರು ತೆಗೆಯಲು ಹೊಸ ಸಮೀಕ್ಷೆ ಬೇಕಿಲ್ಲ. ಐಟಿಐ ಮತ್ತು ಪಾಲಿಟೆಕ್ನಿಕ್‌ ಪ್ರವೇಶದ ಪಟ್ಟಿಗಳನ್ನು ಅದರ ಜೊತೆ ತಾಳೆ ನೋಡುವ ಕೆಲಸ ಮಾತ್ರ ಹೆಚ್ಚಿನದು. ಆ ಪಟ್ಟಿ ಜೂನ್‌ ಕೊನೆಯ ವಾರದಲ್ಲಿ ಮುಖ್ಯಶಿಕ್ಷಕರ ಕೈಗೂ ಗ್ರಾಮ ಪಂಚಾಯಿತಿಯ ಕೈಗೂ ಬಂದರೆ ಸುಳಿವಿಲ್ಲದ ಮಕ್ಕಳ ಮನೆಗೆ ಹೋಗಿ ಕೇಳಲು, ತಡವಾಗಿಯಾದರೂ ಪ್ರವೇಶ ಕೊಡಿಸಲು, ಮೊದಲ ಪರೀಕ್ಷೆಯ ನಂತರದ ಪರೀಕ್ಷೆಯಲ್ಲಿ ಪಾಸಾಗುವವರಿಗೆ ಮೊದಲೇ ಕಾಗದಪತ್ರ ಸಿದ್ಧಮಾಡಿಡಲು ಸಮಯ ಸಿಗುತ್ತದೆ. ವರ್ಷದ ಕೊನೆಯಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಅದನ್ನು ಓದಿ ಹೇಳುವುದಕ್ಕೂ ಅಡ್ಡಿಯಿಲ್ಲ, ಹೆಸರುಗಳನ್ನು ಬಿಟ್ಟು ಸಂಖ್ಯೆಗಳನ್ನು ಮಾತ್ರ.